ಲಿನಕ್ಸ್ ಕಂಪ್ಯೂಟರಿಗೂ ಪ್ರಿಂಟರಿಗೂ ಮಾತು ಕೂಡಿಸುವ ಬಗೆ

ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವುವು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಈ ಐದರಲ್ಲಿ ಯಾವ ಊರಿನ ಬಸ್ಸು ನಿಲ್ದಾಣದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೂ ಒಂದು ಜೆರಾಕ್ಸ್ ಅಂಗಡಿ ಕಣ್ಣಿಗೆ ಬೀಳದೆ ಇರದು. ಬೆಳೆವಿಮೆಗಾಗಿ ಪಹಣಿ ಬೇಕಾದ ರೈತರು, ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ಟಿಗಾಗಿ ಓಡಿಬಂದ ವಿದ್ಯಾರ್ಥಿಗಳು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಒದಗಿಸಬೇಕಾದ ತಾಯಂದಿರು ಎಲ್ಲರೂ ಅದರ ಮುಂದೆ ಸೇರಿರುತ್ತಾರೆ. ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಹತ್ತಿರವಾದಾಗ ಕರಪತ್ರಗಳ ಕೆಲಸವೂ ಇದಕ್ಕೆ ಕೂಡಿಕೊಳ್ಳುತ್ತದೆ. ಸುಮಾರು 2000ದ ಹೊತ್ತಿಗೆ 'ಭೂಮಿ' ಯೋಜನೆಯ ಮೂಲಕ ನಮ್ಮ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಜಮೀನು ದಾಖಲೆಗಳು ಕಂಪ್ಯೂಟರನ್ನು ಸೇರಿದುವು. ದಾಖಲೆ ಎಲ್ಲಿದ್ದರೇನು, ಕೊನೆಗೆ ರೈತನ ಕೈಗೆ ಬರಬೇಕಾದುದು ಒಂದು ಹಾಳೆ ಕಾಗದವೇ.

ಇಂಥ ಕಾಲದಲ್ಲಿ ಶಾಲೆಗಳಿಗೂ ಅಂಗಡಿಗಳಿಗೂ ಒಂದು ಹೊಸ ಪ್ರಶ್ನೆ ಎದುರಾಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ತನ್ನ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ಎಂಬುದು ಕೆಲವು ವರ್ಷಗಳ ಹಿಂದಿನ ಕಂಪ್ಯೂಟರುಗಳನ್ನು ಒಪ್ಪಿಕೊಳ್ಳುವುದಿಲ್ಲ. ಯಂತ್ರ ಗಟ್ಟಿಯಾಗಿದೆ, ಪರದೆ ಚೆನ್ನಾಗಿದೆ, ಕೀಲಿಮಣೆ ನೆಟ್ಟಗಿದೆ. ಆದರೆ ಅದನ್ನು ನಡೆಸುವ ವ್ಯವಸ್ಥೆಗೆ ರಕ್ಷಣೆಯಿಲ್ಲ. ಅದನ್ನು ಗುಜರಿಗೆ ಹಾಕಬೇಕೆ? ಹಾಕಬೇಕಾದುದಿಲ್ಲ, ಯಾರು ಬೇಕಾದರೂ ಪಡೆಯಬಹುದಾದ, ಬೆಲೆಯಿಲ್ಲದ ಲಿನಕ್ಸ್ ವ್ಯವಸ್ಥೆಯನ್ನು ಅದರಲ್ಲಿ ಹೂಡಿದರೆ ಅದೇ ಯಂತ್ರ ಇನ್ನೂ ಹಲವು ವರ್ಷ ದುಡಿಯಬಲ್ಲುದು. ಈ ಮಾತನ್ನು ಹೇಳಿದೊಡನೆ ಬರುವ ಮೊದಲನೆಯ ಸಂದೇಹವೊಂದೇ: "ಪ್ರಿಂಟರು ನಡೆಯುತ್ತದೆಯೇ?"

ಸಂದೇಹ ನ್ಯಾಯವಾದುದೇ. ಬರೆಯುವುದು, ಲೆಕ್ಕ ಮಾಡುವುದು, ಚಿತ್ರ ನೋಡುವುದು ಇವೆಲ್ಲ ಲಿನಕ್ಸಿನಲ್ಲಿ ತೊಡಕಿಲ್ಲದೆ ನಡೆಯುತ್ತವೆ; ತೊಡಕು ಕಾಣಿಸಿಕೊಳ್ಳುವುದು ಹೆಚ್ಚಾಗಿ ಪ್ರಿಂಟರಿನ ಬಳಿಯಲ್ಲಿಯೇ. ಏತಕ್ಕೆ ಹೀಗೆ? ಹಾಳೆಯೊಂದು ಕಂಪ್ಯೂಟರಿನಿಂದ ಹೊರಟು ಕಾಗದವನ್ನು ಸೇರುವ ಹಾದಿ ಯಾವುದು? ನಡುವೆ ಅದು ನಿಂತುಹೋದರೆ ನಿಂತ ಸ್ಥಳವನ್ನು ಕಂಡುಹಿಡಿಯುವುದು ಹೇಗೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದವರಿಗೆ ಪ್ರಿಂಟರು ಭಯದ ವಸ್ತುವಾಗಿ ಉಳಿಯುವುದಿಲ್ಲ. ಅವುಗಳನ್ನು ಒಂದೊಂದಾಗಿ ನೋಡೋಣ.

ಚುಕ್ಕೆಗಳ ಲೆಕ್ಕ

ಅಂಗಡಿಗಳಲ್ಲಿಯೂ ಕಚೇರಿಗಳಲ್ಲಿಯೂ ಹೆಚ್ಚಾಗಿ ಕಾಣುವುದು ಲೇಸರ್ ಪ್ರಿಂಟರು. ಇದರ ಬೇರು ಚೆಸ್ಟರ್ ಕಾರ್ಲ್‌ಸನ್ ಎಂಬ ಅಮೆರಿಕನ್ನನು 1938ರ ಅಕ್ಟೋಬರ್ 22ರಂದು ಮಾಡಿದ ಒಂದು ಪ್ರಯೋಗದಲ್ಲಿದೆ. ವಿದ್ಯುದಂಶವನ್ನು ತುಂಬಿದ ತಟ್ಟೆಯೊಂದರ ಮೇಲೆ ಬೆಳಕು ಬಿದ್ದ ಕಡೆಗಳಲ್ಲಿ ಆ ವಿದ್ಯುದಂಶ ಹರಿದುಹೋಗುತ್ತದೆ. ಬೀಳದ ಕಡೆ ಉಳಿಯುತ್ತದೆ. ಉಳಿದ ಕಡೆಗೆ ಪುಡಿ ಅಂಟಿಕೊಳ್ಳುತ್ತದೆ. ಇಂದು ಊರೂರಿನಲ್ಲಿಯೂ 'ಜೆರಾಕ್ಸ್' ಎಂದು ಕರೆಯುವ ನೆರಳಚ್ಚಿನ ತತ್ತ್ವ ಇದೇ. 1971ರಲ್ಲಿ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬಾತನು ಮೂಲಪ್ರತಿಯ ನೆರಳಿಗೆ ಬದಲಾಗಿ ಲೇಸರ್ ಕಿರಣದಿಂದಲೇ ಚಿತ್ರ ಬರೆಯುವ ಯಂತ್ರವನ್ನು ನಡೆಸಿ ತೋರಿಸಿದನು. ಅದೇ ಲೇಸರ್ ಪ್ರಿಂಟರು. ಅದರೊಳಗೆ ತಿರುಗುವ ಉರುಳೆಯೊಂದರ ಮೇಲೆ ಕಿರಣವು ಗೆರೆಗೆರೆಯಾಗಿ ಓಡಿ ಚುಕ್ಕೆಗಳನ್ನಿಡುತ್ತದೆ. ಟೋನರ್ ಎಂಬ ನುಣುಪಾದ ಪುಡಿ ಆ ಚುಕ್ಕೆಗಳಿಗೆ ಅಂಟುತ್ತದೆ. ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಸುಮಾರು 200 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯ್ದ ಇನ್ನೊಂದು ಉರುಳೆಯ ಕೆಳಗೆ ಹಾದಾಗ ಕರಗಿ ಕಾಗದದಲ್ಲಿ ಕೂತುಬಿಡುತ್ತದೆ. ಆಗತಾನೆ ಬಂದ ಹಾಳೆ ಬೆಚ್ಚಗಿರುವುದು ಈ ಕಾರಣದಿಂದ.

ಹೀಗೆ ಪ್ರಿಂಟರಿಗೆ ಗೊತ್ತಿರುವುದು ಚುಕ್ಕೆಯೊಂದೇ. ಎ4 ಅಳತೆಯ ಹಾಳೆಯು 8.27 ಅಂಗುಲ ಅಗಲ, 11.69 ಅಂಗುಲ ಉದ್ದ. ಅಂಗುಲಕ್ಕೆ 600 ಚುಕ್ಕೆಗಳಂತೆ ಲೆಕ್ಕ ಹಾಕಿದರೆ ಒಂದು ಹಾಳೆಯಲ್ಲಿ ಸುಮಾರು 3 ಕೋಟಿ 48 ಲಕ್ಷ ಚುಕ್ಕೆಗಳಿಗೆ ಸ್ಥಳವಿದೆ. ಪ್ರತಿಯೊಂದು ಸ್ಥಳವೂ ಕಪ್ಪೋ ಬಿಳಿಯೋ ಎಂಬಷ್ಟನ್ನೇ ಹೇಳಲು 43 ಲಕ್ಷಕ್ಕಿಂತ ಹೆಚ್ಚು ಬೈಟುಗಳು ಬೇಕು. ಆದರೆ ಅದೇ ಹಾಳೆಯ ಮೇಲಿನ ಕನ್ನಡ ಬರಹ, ಎರಡು ಸಾವಿರ ಚಿಹ್ನೆಗಳಿರುವುದೆಂದರೆ, ಕಂಪ್ಯೂಟರಿನ ನೆನಪಿನಲ್ಲಿ ಆರು ಸಾವಿರ ಬೈಟುಗಳಷ್ಟು ಮಾತ್ರ. ಆರು ಸಾವಿರವು ನಲವತ್ತಮೂರು ಲಕ್ಷವಾಗಿ ಬೆಳೆಯುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಮಾಡುವವರು ಯಾರು, ಕಂಪ್ಯೂಟರೋ ಪ್ರಿಂಟರೋ? ಎಲ್ಲ ತೊಡಕಿನ ಮೂಲವೂ ಈ ಪ್ರಶ್ನೆಯಲ್ಲಿದೆ.

ಜಾಣ ಪ್ರಿಂಟರು, ಮೂಕ ಪ್ರಿಂಟರು

ಮೊದಲಿಗೆ ಈ ಕೆಲಸ ಪ್ರಿಂಟರಿನ ಪಾಲಿಗೆ ಬಂದಿತ್ತು. 1984ರಲ್ಲಿ ಅಡೋಬಿ ಕಂಪೆನಿಯು ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದಿತು. 'ಈ ಅಕ್ಷರವನ್ನು ಇಷ್ಟು ದೊಡ್ಡದಾಗಿ ಇಲ್ಲಿ ಬರೆ, ಅಲ್ಲಿಂದ ಇಲ್ಲಿಗೆ ಒಂದು ಗೆರೆ ಎಳೆ' ಎಂದು ಕಂಪ್ಯೂಟರು ಈ ಭಾಷೆಯಲ್ಲಿ ಹೇಳಿದರೆ ಸಾಕು. ಚುಕ್ಕೆಗಳ ಲೆಕ್ಕವೆಲ್ಲ ಪ್ರಿಂಟರಿನದು. 1985ರಲ್ಲಿ ಬಂದ ಆ್ಯಪಲ್ ಕಂಪೆನಿಯ ಲೇಸರ್‌ರೈಟರ್ ಪ್ರಿಂಟರಿನೊಳಗಿನ ಗಣಕವು ಅದಕ್ಕೆ ಜೋಡಿಸುತ್ತಿದ್ದ ಕಂಪ್ಯೂಟರಿಗಿಂತ ವೇಗವಾಗಿದ್ದಿತು! ಭಾಷೆಯ ವ್ಯಾಕರಣ ಪ್ರಕಟವಾಗಿದ್ದುದರಿಂದ ಯಾವ ಕಂಪ್ಯೂಟರು ಬೇಕಾದರೂ ಇಂಥ ಪ್ರಿಂಟರಿನೊಡನೆ ಮಾತನಾಡಬಹುದಾಗಿತ್ತು. ಆದರೆ ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕುವಂತಿರಲಿಲ್ಲ.

ಬೆಲೆಯನ್ನು ಇಳಿಸಲು ತಯಾರಕರು ಒಂದು ಉಪಾಯ ಹೂಡಿದರು. ಕಂಪ್ಯೂಟರುಗಳೇ ಬಲವಾಗಿರುವಾಗ ಪ್ರಿಂಟರಿನಲ್ಲಿ ಇನ್ನೊಂದು ಮೆದುಳೇಕೆ? ಅದನ್ನು ತೆಗೆದುಹಾಕಿ, ಚುಕ್ಕೆಗಳನ್ನು ಲೆಕ್ಕಹಾಕುವ ಹೊರೆಯನ್ನು ಕಂಪ್ಯೂಟರಿನ ಮೇಲೆಯೇ ಹೊರಿಸಿದರು. ಪ್ರಿಂಟರು ಅಗ್ಗವಾಯಿತು. ಆದರೆ ಸಿದ್ಧವಾದ ಚುಕ್ಕೆಗಳನ್ನು ಅದಕ್ಕೆ ಮುಟ್ಟಿಸುವ ರೀತಿ ಒಬ್ಬೊಬ್ಬ ತಯಾರಕನದು ಒಂದೊಂದಾಯಿತು. ಅದರ ವ್ಯಾಕರಣವನ್ನು ಎಷ್ಟೋ ಕಡೆ ಅವರು ಹೊರಗೆಡಹಲೂ ಇಲ್ಲ. ನಮ್ಮ ದೇಶದಲ್ಲಿ ಬಹಳವಾಗಿ ಮಾರಾಟವಾದ ಕೆನಾನ್ ಎಲ್‌ಬಿಪಿ 2900 ಇಂಥದು. ಅದಕ್ಕೆ 'ಕ್ಯಾಪ್ಟ್' ಎಂಬ ತನ್ನದೇ ಗುಪ್ತಭಾಷೆಯಿದೆ. ಎಚ್‌ಪಿ ಲೇಸರ್‌ಜೆಟ್ 1020 ಇನ್ನೊಂದು ಬಗೆ: ತನ್ನನ್ನು ನಡೆಸುವ ಆಜ್ಞಾವಳಿಯನ್ನೂ ಅದು ಒಳಗೆ ಇಟ್ಟುಕೊಂಡಿರುವುದಿಲ್ಲ, ಸ್ವಿಚ್ಚು ಹಾಕಿದಾಗಲೆಲ್ಲ ಕಂಪ್ಯೂಟರು ಅದನ್ನು ಹೊಸದಾಗಿ ತುಂಬಬೇಕು.

ಕಂಪ್ಯೂಟರಿನ ಮಾತನ್ನು ಪ್ರಿಂಟರಿನ ಭಾಷೆಗೆ ತಿರುಗಿಸಿ ಹೇಳುವ ದುಭಾಷಿಗೆ 'ಡ್ರೈವರ್' ಎಂದು ಹೆಸರು. ವಿಂಡೋಸಿಗೆ ಬೇಕಾದ ದುಭಾಷಿಯನ್ನು ತಯಾರಕರು ಪ್ರಿಂಟರಿನ ಜೊತೆಯಲ್ಲೇ ಕೊಡುತ್ತಾರೆ. ಲಿನಕ್ಸಿಗೆ ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಕೊಟ್ಟರೂ ಕೆಲವು ವೇಳೆ ಹಳೆಯ ಕಾಲದ್ದನ್ನು ಕೊಟ್ಟು ಮರೆತುಬಿಡುತ್ತಾರೆ. ಅಂಥ ಕಡೆಗಳಲ್ಲಿ ಲೋಕದ ನಾನಾ ಭಾಗಗಳ ಸ್ವಯಂಸೇವಕರು ಗುಪ್ತಭಾಷೆಯನ್ನು ಹೊರಗಿನಿಂದ ಆಲಿಸಿ, ಅರ್ಥಮಾಡಿಕೊಂಡು, ತಾವೇ ಡ್ರೈವರುಗಳನ್ನು ಬರೆದಿದ್ದಾರೆ. ಮೇಲೆ ಹೇಳಿದ ಎರಡು ಪ್ರಿಂಟರುಗಳಿಗೂ ಈ ಬಗೆಯ ಸ್ವತಂತ್ರ ಡ್ರೈವರುಗಳಿವೆ. ಆದುದರಿಂದ ಲಿನಕ್ಸಿನಲ್ಲಿ ಪ್ರಿಂಟರು ನಡೆಯದೆ ಹೋದಾಗ ಅದನ್ನು ಲಿನಕ್ಸಿನ ದೌರ್ಬಲ್ಯವೆಂದು ತಿಳಿಯಬಾರದು. ಅದು ಹೇಳಿಕೊಡದ ಭಾಷೆಯ ತೊಡಕು.

ಪ್ರಿಂಟರೊಂದು ಎಬ್ಬಿಸಿದ ಪ್ರಶ್ನೆ

ಸ್ವತಂತ್ರ ತಂತ್ರಾಂಶದ ಚಳವಳಿಯ ಹಿನ್ನೆಲೆಯಲ್ಲಿಯೂ ಒಂದು ಪ್ರಿಂಟರಿರುವುದು ಸ್ವಾರಸ್ಯದ ಸಂಗತಿ. 1980ರ ಸುಮಾರಿನಲ್ಲಿ ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪೆನಿಯ ಲೇಸರ್ ಪ್ರಿಂಟರೊಂದು ಕೊಡುಗೆಯಾಗಿ ಬಂದಿತು. ಕಾಗದ ಒಳಗೆ ಸಿಕ್ಕಿಕೊಂಡು ಅದು ಆಗಾಗ ನಿಂತುಹೋಗುತ್ತಿತ್ತು. ಬೇರೆ ಅಂತಸ್ತಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬ ತರುಣನು ಹಿಂದಿನ ಪ್ರಿಂಟರಿನ ಆಜ್ಞಾವಳಿಯನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ಮಾಡಿದ್ದನು. ಹೊಸ ಪ್ರಿಂಟರಿಗೂ ಹಾಗೆಯೇ ಮಾಡಲೆಳಸಿದಾಗ ಅದರ ಮೂಲ ಆಜ್ಞಾವಳಿಯೇ ದೊರೆಯಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಬ್ಬರ ಬಳಿ ಅದಿರುವುದೆಂದು ತಿಳಿದು ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿರುವೆನೆಂದು ಅವರು ನಿರಾಕರಿಸಿಬಿಟ್ಟರು. ತನ್ನ ಮುಂದಿರುವ ಯಂತ್ರವನ್ನು ತಾನೇ ಸರಿಪಡಿಸಿಕೊಳ್ಳಲು ಹಕ್ಕಿಲ್ಲವೆ ಎಂಬ ಪ್ರಶ್ನೆ ಅವನನ್ನು ಕಾಡಿತು. 1983ರ ಸೆಪ್ಟೆಂಬರಿನಲ್ಲಿ ಅವನು, ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಿಕೊಳ್ಳಬಹುದಾದ 'ಗ್ನೂ' ಎಂಬ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದನು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ತಿರುಳು ಇದರೊಡನೆ ಕೂಡಿತು. ಇಂದು ನಾವು ಲಿನಕ್ಸ್ ಎಂದು ಕರೆಯುವುದು ಈ ಕೂಟವನ್ನೇ.

ಗಿರಣಿಯ ಸಾಲು

ಲಿನಕ್ಸಿನಲ್ಲಿ ಮುದ್ರಣದ ಕಾರ್ಯವನ್ನು ನೋಡಿಕೊಳ್ಳುವ ವ್ಯವಸ್ಥೆಗೆ 'ಕಪ್ಸ್' ಎಂದು ಹೆಸರು. ಮೈಕೇಲ್ ಸ್ವೀಟ್ ಎಂಬಾತನು 1997ರಲ್ಲಿ ಆರಂಭಿಸಿ 1999ರಲ್ಲಿ ಹೊರತಂದ ಇದನ್ನು 2002ರಲ್ಲಿ ಆ್ಯಪಲ್ ಕಂಪೆನಿಯು ತನ್ನ ಮ್ಯಾಕ್ ಕಂಪ್ಯೂಟರುಗಳಿಗೂ ತೆಗೆದುಕೊಂಡಿತು. ಲಕ್ಷ ರೂಪಾಯಿಯ ಮ್ಯಾಕ್ ಕಂಪ್ಯೂಟರೂ ಶಾಲೆಯ ಮೂಲೆಯಲ್ಲಿರುವ ಹಳೆಯ ಲಿನಕ್ಸ್ ಕಂಪ್ಯೂಟರೂ ಮುದ್ರಣದ ಮಟ್ಟಿಗೆ ಒಂದೇ ಮನೆತನದವು. ಲಿನಕ್ಸಿನಲ್ಲಿ ಅದನ್ನು ಇಂದು ನೋಡಿಕೊಳ್ಳುತ್ತಿರುವುದು 'ಓಪನ್ ಪ್ರಿಂಟಿಂಗ್' ಎಂಬ ಸಮುದಾಯ.

ಕಪ್ಸ್ ನಡೆಯುವ ಬಗೆಯನ್ನು ತಿಳಿಯಲು ಹಿಟ್ಟಿನ ಗಿರಣಿಯನ್ನು ನೆನೆಯಬಹುದು. ಜೋಳ ತಂದವರು ಡಬ್ಬಿಯನ್ನು ಸಾಲಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಗಿರಣಿಯವನು ಸರದಿಯಂತೆ ಒಂದೊಂದನ್ನೇ ಎತ್ತಿಕೊಂಡು, ಯಾರಿಗೆ ನುಣ್ಣಗೆ ಬೇಕು ಯಾರಿಗೆ ತರಿತರಿಯಾಗಿ ಬೇಕು ಎಂಬುದನ್ನು ನೋಡಿ ಕಲ್ಲನ್ನು ಹೊಂದಿಸಿ ಬೀಸಿಕೊಡುತ್ತಾನೆ. ಕಪ್ಸ್ ಕೂಡ ಹಾಗೆಯೇ. ನಾವು 'ಪ್ರಿಂಟ್' ಎಂದೊಡನೆ ಬರಹವು ಸಾಮಾನ್ಯವಾಗಿ ಪಿಡಿಎಫ್ ರೂಪ ತಾಳಿ ಸರದಿಯಲ್ಲಿ ನಿಲ್ಲುತ್ತದೆ. ಕಂಪ್ಯೂಟರನ್ನು ನಾವು ಬೇರೆ ಕೆಲಸಕ್ಕೆ ಬಳಸಬಹುದು. ಸರದಿ ಬಂದಾಗ 'ಫಿಲ್ಟರ್' ಎಂಬ ಘಟಕಗಳು ಅದನ್ನು ಪ್ರಿಂಟರಿಗೆ ಒಪ್ಪುವ ಭಾಷೆಗೆ ತಿರುಗಿಸುತ್ತವೆ. ಕೊನೆಗೆ 'ಬ್ಯಾಕೆಂಡ್' ಎಂಬ ಹೊರೆಯಾಳು ಅದನ್ನು ಯುಎಸ್‌ಬಿ ತಂತಿಯ ಮೂಲಕವೋ ವೈಫೈ ಮೂಲಕವೋ ಪ್ರಿಂಟರಿಗೆ ಮುಟ್ಟಿಸುತ್ತದೆ.

ಹಾಳೆ ಎಲ್ಲಿ ನಿಂತಿತು?

ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ದಾಟಿ ಹೋಗುತ್ತದೆ. ಹರಿಹರಕ್ಕೆ ರೈಲು ಬರಲಿಲ್ಲವೆಂದರೆ ಬುದ್ಧಿವಂತನು ಮಾಡುವುದೇನು? ಕೊಟ್ಟೂರು ದಾಟಿತೆ, ಹರಪನಹಳ್ಳಿ ಮುಟ್ಟಿತೆ ಎಂದು ನಿಲ್ದಾಣದಿಂದ ನಿಲ್ದಾಣಕ್ಕೆ ವಿಚಾರಿಸುತ್ತಾನೆ. ಒಂದರಲ್ಲಿ ಹೌದು, ಮುಂದಿನದರಲ್ಲಿ ಇಲ್ಲವೆಂದಾದರೆ ತೊಂದರೆ ಆ ಎರಡರ ನಡುವಿನದು. ಬಾರದ ಹಾಳೆಯನ್ನೂ ಹೀಗೆಯೇ ಹುಡುಕಬೇಕು. ಕಂಡ ಗುಂಡಿಗಳನ್ನೆಲ್ಲ ಒತ್ತುವುದು, ಒಂದೇ ಬಾರಿಗೆ ನಾಲ್ಕು ಬದಲಾವಣೆ ಮಾಡುವುದು ವಿಜ್ಞಾನದ ದಾರಿಯಲ್ಲ. ಒಂದು ಬಾರಿಗೆ ಒಂದೇ ಪ್ರಶ್ನೆ. ಅದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ.

ಮೊದಲನೆಯ ಪ್ರಶ್ನೆ: ಪ್ರಿಂಟರು ತನ್ನಷ್ಟಕ್ಕೆ ತಾನು ಸರಿಯಾಗಿದೆಯೆ? ತಂತಿಯನ್ನು ಬಿಚ್ಚಿ, ಅದರ ಕೈಪಿಡಿಯಲ್ಲಿ ಹೇಳಿದಂತೆ ಗುಂಡಿಯೊತ್ತಿ, ಅದು ತಾನೇ ಒಂದು ಪರೀಕ್ಷಾ ಹಾಳೆಯನ್ನು ಕೊಡುವುದೇ ನೋಡಬೇಕು. ಅದೂ ಬಾರದಿದ್ದರೆ ಲಿನಕ್ಸನ್ನು ದೂರಿ ಫಲವಿಲ್ಲ. ಬೇಸಗೆಯಲ್ಲಿ ಬಯಲುಸೀಮೆಯ ಧೂಳು ಕಾಗದವನ್ನೆಳೆಯುವ ರಬ್ಬರು ಉರುಳೆಯ ಮೇಲೆ ಕುಳಿತು ಅದನ್ನು ಜಾರುವಂತೆ ಮಾಡುವುದುಂಟು. ಪ್ರಿಂಟರನ್ನು ಆರಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಉರುಳೆಯನ್ನು ಒರಸಿ ಒಣಗಿಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ.

ಎರಡನೆಯದು: ಕಂಪ್ಯೂಟರಿಗೆ ಪ್ರಿಂಟರು ಕಾಣುತ್ತಿದೆಯೆ? ಲಿನಕ್ಸಿನ ಟರ್ಮಿನಲ್ಲಿನಲ್ಲಿ ಎಲ್, ಎಸ್, ಯು, ಎಸ್, ಬಿ ಎಂಬ ಐದು ಅಕ್ಷರಗಳನ್ನು ಒತ್ತಾಗಿ ಬರೆದು ಎಂಟರ್ ಕೀಲಿಯನ್ನು ಒತ್ತಿದರೆ ಯುಎಸ್‌ಬಿ ತಂತಿಗಳಿಗೆ ಸೇರಿದ ಸಾಧನಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಪ್ರಿಂಟರಿನ ಹೆಸರಿಲ್ಲದಿದ್ದರೆ ದೋಷ ತಂತಿಯದೋ ಅದರ ಕಿಂಡಿಯದೋ ಇರಬೇಕು. ಇದನ್ನು ನೋಡದೆ ಡ್ರೈವರನ್ನು ಹತ್ತು ಸಲ ಹಾಕಿ ತೆಗೆದರೂ ಪ್ರಯೋಜನವಾಗದು.

ಮೂರನೆಯದು: ಸರದಿ ಚಲಿಸುತ್ತಿದೆಯೆ? ಕಪ್ಸ್ ಹಲವು ಕಂಪ್ಯೂಟರುಗಳಲ್ಲಿ ತನ್ನ ಕಚೇರಿಯನ್ನು ಬ್ರೌಸರಿನಲ್ಲಿಯೇ ತೆರೆದಿಟ್ಟಿರುತ್ತದೆ. ವಿಳಾಸದ ಸ್ಥಳದಲ್ಲಿ 'ಲೋಕಲ್‌ಹೋಸ್ಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಎರಡು ಚುಕ್ಕೆಯ ಚಿಹ್ನೆಯನ್ನಿಟ್ಟು, 631 ಎಂಬ ಸಂಖ್ಯೆಯನ್ನು ಸೇರಿಸಿದರೆ ಆ ಕಚೇರಿ ಕಾಣಿಸುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಆಗುವ ತೊಂದರೆಯೊಂದು ಇಲ್ಲಿಯೇ ಬಯಲಾಗುತ್ತದೆ. ಅಚ್ಚಾಗುತ್ತಿರುವಾಗ ಕರೆಂಟು ಹೋಯಿತೆನ್ನೋಣ. ಕಂಪ್ಯೂಟರು ಯುಪಿಎಸ್ ಬಲದಿಂದ ಉಳಿದುಕೊಂಡಿತು, ಪ್ರಿಂಟರು ಆರಿತು. ಹಾಳೆಯನ್ನು ಮುಟ್ಟಿಸಲಾರದ ಕಪ್ಸ್ ಕೆಲವು ವ್ಯವಸ್ಥೆಗಳಲ್ಲಿ ಸರದಿಯನ್ನೇ ತಡೆದು ನಿಲ್ಲಿಸಿಬಿಡುತ್ತದೆ. ಕರೆಂಟು ಮರಳಿ ಬಂದಾಗ ಪ್ರಿಂಟರಿನ ದೀಪ ಬೆಳಗುತ್ತದೆ. ಆದರೆ ತಡೆ ಹಾಗೆಯೇ ಉಳಿದಿರುತ್ತದೆ. ಜನ ಮತ್ತೆ ಮತ್ತೆ 'ಪ್ರಿಂಟ್' ಒತ್ತುತ್ತಾರೆ. ಸರದಿ ಬೆಳೆಯುತ್ತದೆ, ಹಾಳೆ ಬರುವುದಿಲ್ಲ. ಕಪ್ಸ್ ಕಚೇರಿಯಲ್ಲಿ ಹಳೆಯ ಕೆಲಸಗಳನ್ನು ರದ್ದುಮಾಡಿ 'ರೆಸ್ಯೂಮ್' ಎಂಬುದನ್ನು ಒತ್ತಿದರೆ ಪ್ರಿಂಟರು ಚಲಿಸತೊಡಗುತ್ತದೆ. ಆಜ್ಞಾವಳಿಯನ್ನು ಪ್ರತಿಸಲವೂ ತುಂಬಬೇಕಾದ ಪ್ರಿಂಟರುಗಳಾದರೆ ಒಮ್ಮೆ ಆರಿಸಿ ಹಾಕಿ, ಅರ್ಧ ನಿಮಿಷ ಕಾಯುವುದು ಒಳಿತು.

ನಾಲ್ಕನೆಯದು: ದುಭಾಷಿ ಸರಿಯಾದವನೆ? ತಪ್ಪು ಡ್ರೈವರಿನ ಗುರುತು ವಿಚಿತ್ರವಾದುದು. ಹಾಳೆಯ ಮೇಲೆ ಒಂದು ಸಾಲು ಅರ್ಥವಿಲ್ಲದ ಚಿಹ್ನೆಗಳು, ಮುಂದಿನ ಹಾಳೆಯಲ್ಲಿ ಇನ್ನೊಂದು ಸಾಲು, ಹೀಗೆ ಕಾಗದವೆಲ್ಲ ಮುಗಿಯುವವರೆಗೂ ಬರುತ್ತಲೇ ಇರುತ್ತವೆ. ಪ್ರಿಂಟರು ಕೆಟ್ಟಿದೆಯೆಂದು ಭಾವಿಸಬಾರದು. 'ಇಲ್ಲಿ ಗೆರೆ ಎಳೆ' ಎಂಬ ಆಜ್ಞೆಯನ್ನು ಅರಿಯದ ಪ್ರಿಂಟರು ಆ ಆಜ್ಞೆಯ ಅಕ್ಷರಗಳನ್ನೇ ಅಚ್ಚುಮಾಡಿದೆ, ಅಷ್ಟೆ. ಕೆಲಸವನ್ನು ಮೊದಲು ರದ್ದುಮಾಡಿ, ಪ್ರಿಂಟರಿನ ಮಾದರಿಯ ಸಂಖ್ಯೆಯನ್ನು ನೋಡಿ, ಅದಕ್ಕೆ ತಕ್ಕ ಡ್ರೈವರನ್ನು ಆರಿಸಬೇಕು. ಎಚ್‌ಪಿ ಕಂಪೆನಿಯ ಬಹುಪಾಲು ಪ್ರಿಂಟರುಗಳಿಗೆ 'ಎಚ್‌ಪಿಲಿಪ್' ಎಂಬ ತಂತ್ರಾಂಶವಿದೆ. ಅವುಗಳಲ್ಲಿ ಕೆಲವಕ್ಕೆ ಬೇರೊಂದು ಪೂರಕ ಭಾಗವನ್ನೂ ಇಳಿಸಿಕೊಳ್ಳಬೇಕು. ಲಿನಕ್ಸನ್ನು ನವೀಕರಿಸಿದಾಗ ಅದನ್ನು ಮತ್ತೊಮ್ಮೆ ಇಳಿಸಿಕೊಳ್ಳಬೇಕಾಗಬಹುದು. ನಿನ್ನೆ ನಡೆದ ಪ್ರಿಂಟರು ಇಂದು ಮುಷ್ಕರ ಹೂಡಲು ಇದೊಂದು ಕಾರಣ.

ಐದನೆಯದು: ಹಾಳೆಯ ಅಳತೆ ಒಂದೇ ಆಗಿದೆಯೆ? ನಾವು ಬಳಸುವುದು 210 ಮಿಲಿಮೀಟರು ಅಗಲ, 297 ಮಿಲಿಮೀಟರು ಉದ್ದದ ಎ4 ಕಾಗದ. ಅಮೆರಿಕದಲ್ಲಿ ರೂಢಿಯಲ್ಲಿರುವುದು 216ಕ್ಕೆ 279ರ 'ಲೆಟರ್' ಅಳತೆ. ಎಷ್ಟೋ ತಂತ್ರಾಂಶಗಳಲ್ಲಿ ಮೊದಲೇ ಗೊತ್ತುಮಾಡಿರುವುದು ಲೆಟರ್. 'ಲೆಟರ್ ಕಾಗದ ಕೊಡಿ' ಎಂದು ಪ್ರಿಂಟರು ದೀಪ ಮಿಣುಕಿಸುತ್ತ ಕಾಯುತ್ತದೆ. ತಟ್ಟೆಯಲ್ಲಿ ಎ4 ತುಂಬಿದ್ದರೂ ನಾವು ಪ್ರಿಂಟರು ಕೆಟ್ಟಿತೆಂದುಕೊಳ್ಳುತ್ತೇವೆ. ಬರಹದಲ್ಲಿಯೂ ಪ್ರಿಂಟರಿನ ಹೊಂದಿಕೆಯಲ್ಲಿಯೂ ಎ4 ಎಂದು ಗೊತ್ತುಪಡಿಸಿದರೆ ಈ ಮೌನ ಮುರಿಯುತ್ತದೆ.

ಐದರಲ್ಲಿಯೂ ಉತ್ತರ 'ಹೌದು' ಎಂದಾಗಿಯೂ ಹಾಳೆ ಬಾರದಿದ್ದರೆ ಕಪ್ಸ್ ಬರೆದಿಡುವ ದಿನಚರಿಯನ್ನು ಓದಬೇಕು. ಎಷ್ಟು ಹೊತ್ತಿಗೆ ಯಾವ ಘಟಕ ಏನು ಮಾಡಿತು, ಎಲ್ಲಿ ಸೋತಿತು ಎಂಬುದನ್ನು ಅದು ಬರೆದಿಟ್ಟಿರುತ್ತದೆ. ಮೂಲ ಆಜ್ಞಾವಳಿಯೇ ದೊರೆಯದೆ ಹೋದ ಸ್ಟಾಲ್ಮನ್ನನಿಗೆ ಇಲ್ಲದಿದ್ದ ಅನುಕೂಲ ಇದು: ನಡೆದುದನ್ನು ನಾವು ಓದಬಹುದು, ನಡೆಸುವ ಆಜ್ಞಾವಳಿಯನ್ನೂ ಬೇಕಾದರೆ ತೆರೆದು ನೋಡಬಹುದು.

ಕನ್ನಡ ಅಕ್ಷರಗಳ ಪಾಡು

ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ಕುತೂಹಲವಿರುವುದು ಸಹಜ. ಪ್ರಿಂಟರಿಗೆ ಕನ್ನಡ ಬರುತ್ತದೆಯೆ? ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ.

ಇದೇ ಐದು ತಾಲ್ಲೂಕುಗಳ ನೆಲ ಹಿಂದೆ ಸೇರಿದ್ದ ಬಳ್ಳಾರಿ ಜಿಲ್ಲೆಗೆ ಕನ್ನಡ ಅಚ್ಚಿನ ಇತಿಹಾಸದಲ್ಲಿ ಒಂದು ಸ್ಥಾನವಿದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಆರಂಭವಾದ, ಕನ್ನಡದ ಮೊದಲ ಪತ್ರಿಕೆಯೆನಿಸಿದ 'ಮಂಗಳೂರ ಸಮಾಚಾರ'ವು 1844ರಲ್ಲಿ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ'ವಾಯಿತು. ಅಲ್ಲಿ ಸೀಸದ ಮೊಳೆಗಳಿಂದ ಅಚ್ಚುಮಾಡುವ ಅನುಕೂಲವಿದ್ದಿತು. ಮೊಳೆ ಜೋಡಿಸುವವನು ಅಕ್ಷರಕ್ಕೆ ತಕ್ಕ ಮೊಳೆ, ಒತ್ತಕ್ಷರಕ್ಕೆ ತಕ್ಕ ಮೊಳೆ ಎಂದು ಆರಿಸಿ ಸಾಲಿನಲ್ಲಿಡುತ್ತಿದ್ದನು. ಆ ಜೋಡಣೆಯನ್ನು ಇಂದು ಮಾಡುವುದು ಕಂಪ್ಯೂಟರು.

'ಹಗರಿಬೊಮ್ಮನಹಳ್ಳಿ' ಎಂಬ ಹೆಸರನ್ನೇ ನೋಡಿರಿ. ಓದುವಾಗ ಅದರಲ್ಲಿ 8 ಅಕ್ಷರಗಳು. ಯೂನಿಕೋಡ್ ಪದ್ಧತಿಯಲ್ಲಾದರೋ ಕಂಪ್ಯೂಟರು ನೆನಪಿಟ್ಟುಕೊಳ್ಳುವುದು 15 ಸಂಕೇತಗಳನ್ನು. ಗುಣಿತದ ಚಿಹ್ನೆಗಳೂ ಒತ್ತಕ್ಷರವನ್ನು ತರುವ ಹಲಂತವೂ ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಆ ಹದಿನೈದನ್ನು ಎಂಟು ಅಕ್ಷರಗಳ ಆಕೃತಿಗೆ ಹೊಂದಿಸುವ ಕೆಲಸವನ್ನು ಲಿನಕ್ಸಿನಲ್ಲಿ 'ಹಾರ್ಫ್‌ಬಜ್' ಎಂಬ ತಂತ್ರಾಂಶ ಮಾಡುತ್ತದೆ. ಅಕ್ಷರಗಳ ರೂಪವನ್ನು ಒದಗಿಸುವುವು ಲೋಹಿತ್, ಗುಬ್ಬಿ, ನವಿಲು ಮೊದಲಾದ ಫಾಂಟುಗಳು. ಹೀಗೆ ಹೊಂದಿಸಿದ ಮೇಲೆ ಬರಹವು ಪಿಡಿಎಫ್ ಆಗುವಾಗ ಫಾಂಟಿನ ಆಕೃತಿಗಳೂ ಅದರೊಳಗೇ ಸೇರುತ್ತವೆ. ಪ್ರಿಂಟರನ್ನು ಮುಟ್ಟುವ ಹೊತ್ತಿಗೆ ಕನ್ನಡವೆಲ್ಲ ಚುಕ್ಕೆಗಳಾಗಿರುತ್ತದೆ.

ಆದುದರಿಂದ ಪರದೆಯ ಮೇಲೆ ಒತ್ತಕ್ಷರ ಒಡೆದು ಕಂಡರೆ ಅಥವಾ ಅಕ್ಷರಗಳಿಗೆ ಬದಲು ಚೌಕಗಳು ಕಂಡರೆ ಪ್ರಿಂಟರನ್ನು ದೂರಬೇಕಾಗಿಲ್ಲ. ಕನ್ನಡ ಫಾಂಟುಗಳನ್ನು ಹಾಕಬೇಕು. ಪರದೆಯಲ್ಲಿ ಸರಿಯಿದ್ದು ಕಾಗದದಲ್ಲಿ ಕೆಟ್ಟರೆ, ಬರಹವನ್ನು ಮೊದಲು ಪಿಡಿಎಫ್ ಮಾಡಿ ಅದನ್ನು ಅಚ್ಚುಮಾಡಿ ನೋಡಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕಡತಗಳ ಮಾತು ಬೇರೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ತುಣುಕುಗಳನ್ನಿಟ್ಟು ಕೆಲಸ ಸಾಗಿಸಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಕಡತ ತೆರೆದರೆ ಅರ್ಥವಿಲ್ಲದ ಲಿಪಿ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಶಾಲೆಯ ಹಳೆಯ ಪ್ರಶ್ನಪತ್ರಿಕೆಗಳನ್ನು ಒಮ್ಮೆ ಪರಿವರ್ತಿಸಿಟ್ಟುಕೊಂಡರೆ ಮುಂದೆ ಯಾವ ಕಂಪ್ಯೂಟರಿನಲ್ಲಿಯೂ ತೊಡಕಿರದು.

ಕಾಸರಗೋಡಿನ ನಿದರ್ಶನ

ಕನ್ನಡದ ಮಕ್ಕಳು ಶಾಲೆಯಲ್ಲಿ ಲಿನಕ್ಸನ್ನು ಬಳಸುವುದು ಸಾಧ್ಯವೆ ಎಂಬ ಪ್ರಶ್ನೆಗೆ ಕಾಸರಗೋಡು ಉತ್ತರ ಕೊಟ್ಟಿದೆ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ 'ಐಟಿ@ಸ್ಕೂಲ್' ಯೋಜನೆಯು ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿತು. 2017ರಲ್ಲಿ ಅದು 'ಕೈಟ್' ಎಂಬ ಸರಕಾರಿ ಸಂಸ್ಥೆಯ ರೂಪ ತಾಳಿತು. ಉಬುಂಟು ಎಂಬ ಲಿನಕ್ಸನ್ನು ಆಧರಿಸಿ ಸಿದ್ಧಪಡಿಸಿದ ವ್ಯವಸ್ಥೆ ಅಲ್ಲಿನ ಶಾಲೆಗಳಲ್ಲಿ ನಡೆಯುತ್ತಿದೆ; ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅಲ್ಲಿ ಅಧ್ಯಾಪಕರಿಗೆ ತರಬೇತಿಯಿತ್ತು, ಶಾಲೆಯ ಯಂತ್ರಗಳನ್ನು ಶಾಲೆಯವರೇ ನೋಡಿಕೊಳ್ಳುವ ಪದ್ಧತಿಯನ್ನು ಬೆಳೆಸಲಾಯಿತು. ಮಂಜೇಶ್ವರದಲ್ಲಿ ಆದುದು ಕೂಡ್ಲಿಗಿಯಲ್ಲಿ ಆಗಲಾರದೆನ್ನಲು ಕಾರಣವಿಲ್ಲ.

ಹಳೆಯ ಕಂಪ್ಯೂಟರಿನ ಮೇಲೆ ಒಂದು ಪ್ರಯೋಗ

ಮುಂದಿನ ದಿನಗಳು ಇನ್ನೂ ಸುಲಭವಾಗಿವೆ. 2010ರಲ್ಲಿ ಆ್ಯಪಲ್ ಕಂಪೆನಿ ತಂದ 'ಏರ್‌ಪ್ರಿಂಟ್' ಪದ್ಧತಿಯೂ ಅನಂತರ ತಯಾರಕರ ಕೂಟವೊಂದು ಒಪ್ಪಿ ರೂಪಿಸಿದ 'ಐಪಿಪಿ ಎವರಿವೇರ್' ಎಂಬ ನಿಯಮಾವಳಿಯೂ ಡ್ರೈವರೇ ಬೇಡದ ಮುದ್ರಣಕ್ಕೆ ಹಾದಿ ಮಾಡಿದುವು. ಇವುಗಳಿಗೆ ಒಳಪಟ್ಟ ಪ್ರಿಂಟರು ತನ್ನ ಶಕ್ತಿ ಎಷ್ಟು, ಯಾವ ಅಳತೆಯ ಕಾಗದವಿದೆ, ಬಣ್ಣ ಬರುತ್ತದೆಯೆ ಎಂಬುದನ್ನು ತಾನೇ ಕಂಪ್ಯೂಟರಿಗೆ ತಿಳಿಸುತ್ತದೆ. ಮಾತು ಎಲ್ಲರೂ ಒಪ್ಪಿದ ಭಾಷೆಯಲ್ಲಿ ನಡೆಯುವುದರಿಂದ ದುಭಾಷಿ ಬೇಕಿಲ್ಲ. ಮೊಬೈಲಿನಿಂದ ನೇರವಾಗಿ ಅಚ್ಚುಮಾಡಬಲ್ಲ ಪ್ರಿಂಟರುಗಳಲ್ಲಿ ಬಹಳಷ್ಟು ಈ ಬಗೆಯವು. ಹೊಸ ಪ್ರಿಂಟರು ಕೊಳ್ಳುವ ಶಾಲೆಯಾಗಲಿ ಅಂಗಡಿಯಾಗಲಿ ಬೆಲೆಯನ್ನು ಕೇಳುವಾಗಲೇ ಈ ಎರಡು ಹೆಸರುಗಳಲ್ಲಿ ಒಂದು ಅದರ ಪೆಟ್ಟಿಗೆಯ ಮೇಲಿದೆಯೆ ಎಂಬುದನ್ನೂ ಕೇಳುವುದು ಜಾಣತನ.

ಈಗಿರುವ ಹಳೆಯ ಪ್ರಿಂಟರಿನ ಗತಿಯೇನೆಂದು ತಿಳಿಯಲು ಯಾವ ಅಪಾಯವೂ ಇಲ್ಲದ ಒಂದು ಪ್ರಯೋಗವಿದೆ. ಲಿನಕ್ಸನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿ, ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಬಹುದು. ಆಗ 'ಟ್ರೈ' ಎಂಬ ಆಯ್ಕೆಯನ್ನೇ ಆರಿಸಬೇಕು. 'ಇನ್‌ಸ್ಟಾಲ್' ಎಂಬುದನ್ನು ಮುಟ್ಟಕೂಡದು. ಆಗ ಹಾರ್ಡ್ ಡಿಸ್ಕಿನಲ್ಲಿರುವ ವಿಂಡೋಸಿಗಾಗಲಿ ಕಡತಗಳಿಗಾಗಲಿ ಏನೂ ಆಗುವುದಿಲ್ಲ. ಪ್ರಿಂಟರಿನ ತಂತಿಯನ್ನು ಸಿಕ್ಕಿಸಿ, ಪರೀಕ್ಷಾ ಹಾಳೆಯೊಂದನ್ನು ಅಚ್ಚುಮಾಡಿ ನೋಡಿ. ಬಂದರೆ ಆ ಕಂಪ್ಯೂಟರಿಗೆ ಮರುಜನ್ಮ ದೊರೆತಂತೆ. ಬಾರದಿದ್ದರೆ ಮೇಲಿನ ಐದು ಪ್ರಶ್ನೆಗಳಿವೆ. ಅವುಗಳಿಂದಲೂ ಆಗದಿದ್ದರೆ ಪೆನ್‌ಡ್ರೈವನ್ನು ತೆಗೆದು ಕಂಪ್ಯೂಟರನ್ನು ಮತ್ತೆ ಎಬ್ಬಿಸಿದರೆ ಎಲ್ಲವೂ ಮೊದಲಿದ್ದಂತೆಯೇ ಇರುತ್ತದೆ.

ಐದು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಇಬ್ಬರು ಮೂವರು ವಿದ್ಯಾರ್ಥಿಗಳು ಅಧ್ಯಾಪಕರ ಅನುಮತಿ ಪಡೆದು ಈ ಪ್ರಯೋಗವನ್ನು ಮಾಡಿ, ಯಾವ ಮಾದರಿಯ ಪ್ರಿಂಟರು, ಯಾವ ಡ್ರೈವರ್, ಏನು ತೊಡಕು, ಹೇಗೆ ಪರಿಹಾರ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಹರಪನಹಳ್ಳಿಯಲ್ಲಿ ಬಿಡಿಸಿದ ತೊಡಕನ್ನು ಹಡಗಲಿಯವರು ಮತ್ತೆ ಮೊದಲಿನಿಂದ ಬಿಡಿಸಬೇಕಾಗಬಾರದು. ಕಂಡುಕೊಂಡುದನ್ನು ಬಚ್ಚಿಡದೆ ನೆರೆಯವರೊಡನೆ ಹಂಚಿಕೊಳ್ಳುವುದರಿಂದಲೇ ಲಿನಕ್ಸ್ ಬೆಳೆದಿದೆ. ವಿಜ್ಞಾನವೂ ಬೆಳೆದಿರುವುದು ಹಾಗೆಯೇ.